ಬೆಲ್ಲದ ತಕ್ಕಡಿಯಲ್ಲಿ ಕುಳಿತ ತಾಯಿ

ಕಡ್ಲಿಹಾಳದ ವಿರಕ್ತಮಠದ ಪೂಜ್ಯ ನಿರಂಜನ ಅಜ್ಜನವರನ್ನು ಮೊದಲ ಸಲ ಕಂಡವರು ಮಠದ ಆಳೆಂದೇ ತಿಳಿಯುತ್ತಿದ್ದರು. ಬೆಳ್ಳಿಯ ಪೀಠ ಒಳಗೆ ಧೂಳು ತಿನ್ನುತ್ತಿತ್ತು. ಅಜ್ಜನವರು ದಾಸೋಹದ ಅಡುಗೆಮನೆಯ ಹೊರಗೆ ಗೋಣಿಚೀಲ ಹಾಸಿಕೊಂಡು ಮೊರದ ತುಂಬ ಬೇಳೆ ಹಿಡಿದು ಹರಳು ಆರಿಸುತ್ತಿದ್ದರು. ಕಡ್ಡಿಯಂತಹ ಮೈ, ಮಾಸಿದ ಕಾವಿ. ಆ ಶ್ರಾವಣ ಸೋಮವಾರವೂ ಅವರು ಅಲ್ಲಿಯೇ ಕುಳಿತಿದ್ದರು. ಎದುರಿನ ಅಂಗಳದಲ್ಲಿ ತುಲಾಭಾರ ನಡೆದಿತ್ತು.

ತಕ್ಕಡಿಯ ಒಂದು ತಟ್ಟೆಯಲ್ಲಿ ಕಾಲು ಮುದುಡಿ ಕುಳಿತವಳು ನೀಲಗಂಗವ್ವ. ಇನ್ನೊಂದು ತಟ್ಟೆಗೆ ಅವಳ ಗಂಡ ಶಂಕ್ರಪ್ಪ ಬೆಲ್ಲದ ಪೆಂಟೆಗಳನ್ನು ಹೇರುತ್ತಿದ್ದ. ಹೆಂಡತಿಯ ಸಕ್ಕರೆ ಕಾಯಿಲೆ ನೀಗಲಿ ಎಂದು ಅವಳ ತೂಕದ ಬೆಲ್ಲವನ್ನು ಮಠಕ್ಕೆ ಒಪ್ಪಿಸುವ ಹರಕೆ ಅವನದು. ಸಕ್ಕರೆ ಕಾಯಿಲೆಗೆ ಬೆಲ್ಲದ ಹರಕೆ! ನಗುವುದಿದ್ದರೆ ಜನ ಇದಕ್ಕೆ ನಗಬೇಕಿತ್ತು. ನಕ್ಕದ್ದು ಅವಳನ್ನು ನೋಡಿ.

"ತಟ್ಟಿ ಇನ್ನೂ ಏಳವಲ್ದಲೇ ಶಂಕ್ರಪ್ಪ! ಸಂತ್ಯಾಗಿನ ಬೆಲ್ಲಾ ಎಲ್ಲಾ ತರಸಬೇಕಾಗತೈತಿ ನೋಡು!" ಎಂದು ಯಾರೋ ಕೂಗಿದರು. ಅಂಗಳವೆಲ್ಲ ಹೋ ಎಂದಿತು. ನೀಲಗಂಗವ್ವ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

ತಿಂದು ತಿಂದು ಬರಿಸಿಕೊಂಡ ರೋಗ ಎಂದು ಊರೇ ಆಡುತ್ತಿತ್ತು. ಎಂಥ ಊರು! ಹೊಟ್ಟೆಯಲ್ಲಿ ಕೊಬ್ಬು ಬೆಳೆದರೆ ಸಕ್ಕರೆಯನ್ನು ಅರಗಿಸುವ ಮೈಯ ಶಕ್ತಿ ಕುಂದುತ್ತದೆ, ಗುಳಿಗೆ ತಪ್ಪಿಸಬೇಡ, ನಡೆ, ತೂಕ ಇಳಿಸು, ಅಂಗಾಲನ್ನು ದಿನವೂ ನೋಡಿಕೋ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಅವಳು ಕೇಳದೆ ಇರಲಿಲ್ಲ. ಆದರೆ ಮಾಡಲು ಬಿಟ್ಟವರು ಯಾರು? ಮನೆಯವರೆಲ್ಲ ಉಂಡ ಮೇಲೆ ಉಳಿದದ್ದನ್ನು ಚೆಲ್ಲಬಾರದೆಂದು ಅವಳ ತಟ್ಟೆಗೇ ಸುರಿಯುತ್ತಿದ್ದರು. ಬೆನ್ನ ಹಿಂದೆ ಅವಳ ಮೈಯನ್ನು ಆಡಿಕೊಳ್ಳುತ್ತಿದ್ದ ಹೆಂಗಸರೇ ಮದುವೆಯ ಪಂಕ್ತಿಯಲ್ಲಿ, "ನಮ್ಮನಿ ಹೋಳಿಗಿ ಕಹಿ ಆತೇನ ನಿನಗ?" ಎಂದು ತುಪ್ಪ ಸುರಿದು ಬಡಿಸುತ್ತಿದ್ದರು. ಬೆಳಿಗ್ಗೆ ನಡೆಯಲು ಹೊರಟರೆ ಹನುಮಪ್ಪನ ಗುಡಿಕಟ್ಟೆಯ ಗಂಡಸರು, "ಆನಿ ಹೊಂಟೈತಿ, ದಾರಿ ಬಿಡ್ರೆಪಾ" ಅನ್ನುತ್ತಿದ್ದರು. ಅವಳು ನಡೆಯುವುದನ್ನೇ ಬಿಟ್ಟಳು. ಕಡೆಗೆ ಶಂಕ್ರಪ್ಪ ಹರಕೆ ಹೊತ್ತ ದಿನವೇ ಅವಳ ಗುಳಿಗೆಗಳನ್ನು ಅಟ್ಟದ ಮೇಲೆ ಎಸೆದ. ದೇವರಿಗೆ ಒಪ್ಪಿಸಿದ ಮೇಲೆ ಔಷಧ ನುಂಗಿದರೆ ಹರಕೆ ಮುರಿದ ಹಾಗೆ ಅಂತೆ.

ಆಮೇಲೆ ಅಂಗಾಲಿನಲ್ಲಿ ಒಂದು ಗಾಯ ಎದ್ದಿತು. ನೋವೇ ಇರಲಿಲ್ಲ, ಆದರೆ ಮಾಯಲೂ ಇಲ್ಲ. ಈಗ ವಾಸನೆ ಬರುತ್ತಿತ್ತು. ಹೇಳಿದರೆ ನಿನಗೆ ಭಕ್ತಿ ಸಾಲದು ಎಂದಾರು ಎಂದು ಹೆದರಿ ಅವಳು ಅದನ್ನು ಅರಿವೆ ಸುತ್ತಿ ಮುಚ್ಚಿಟ್ಟಿದ್ದಳು. ಕಾಲು ಹೋಗುತ್ತದೆ ಎಂಬುದು ಅವಳಿಗೆ ಒಳಗೊಳಗೇ ಗೊತ್ತಿತ್ತು.

ತಟ್ಟೆ ಕೊನೆಗೂ ಎದ್ದಿತು. ಅವಳು ಇಳಿದಾಗ ತಟ್ಟೆಯ ಮೇಲೆ ಕೀವು ನೆತ್ತರಿನ ಹಸಿ ಕಲೆ ಉಳಿಯಿತು. ಅಜ್ಜನವರು ಅದನ್ನು ಕಂಡರು. ಮೊರ ಕೈಜಾರಿ ಬೇಳೆಯೆಲ್ಲ ಚೆಲ್ಲಿತು. ಅವರಿಗೆ ಸಿಟ್ಟು ಬಂದದ್ದನ್ನು ಕಡ್ಲಿಹಾಳದವರು ಅದೇ ಮೊದಲು ನೋಡಿದ್ದು.

"ಗುಳಿಗಿ ತಗೋತಿಯೇನ ಯವ್ವಾ?" ಎಂದು ಕೇಳಿದರು.

ಅವಳು ಗಂಡನ ಕಡೆ ನೋಡಿದಳು. ಶಂಕ್ರಪ್ಪ ಕೈಮುಗಿದು ಮುಂದೆ ಬಂದ. "ಬಿಡಿಸೀನ್ರಿ ಅಜ್ಜಾರ. ನಿಮ್ಮ ಆಶೀರ್ವಾದ ಇದ್ದ ಮ್ಯಾಲ ಗುಳಿಗಿ ಯಾಕ್ರಿ? ನುಂಗಿದ್ರ ದೇವರ ಮ್ಯಾಲ ನಂಬಿಗಿ ಇಲ್ಲ ಅಂದಂಗ ಆಗತೈತ್ರಿ."

ಅಜ್ಜನವರು ಅಡುಗೆಮನೆಯ ಕಡೆ ತಿರುಗಿದರು. "ಬಸಯ್ಯಾ, ಒಳಗಿನ ಮಣ್ಣಿನ ಮಗಿ ತಾ" ಎಂದರು.

ಅಡುಗೆಯ ಬಸಯ್ಯನ ಮುಖ ಬಾಡಿತು. "ಅಜ್ಜಾರ, ಇಷ್ಟ ಮಂದಿ ಮುಂದ ಬ್ಯಾಡ್ರಿ..." ಎಂದು ತೊದಲಿದ. ಗುರುಗಳಿಗೆ ರೋಗವಿದೆ ಎಂದು ತಿಳಿದರೆ ಮಠದ ಮಹಿಮೆಗೆ ಕುಂದು ಎಂದು ಹಿರಿಯರು ಮುಚ್ಚಿಟ್ಟಿದ್ದ ಸಂಗತಿ ಅದು. ಅಜ್ಜನವರು ಅವನನ್ನೇ ದಿಟ್ಟಿಸಿದರು. ಬಸಯ್ಯ ಮಗೆ ತಂದ. ತಣ್ಣಗಿರಲೆಂದು ಅದರೊಳಗಿಟ್ಟಿದ್ದ ಇನ್ಸುಲಿನ್ ಬಾಟಲಿಯನ್ನು ಅಜ್ಜನವರು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು. ಸಿರಿಂಜಿಗೆ ಎಳೆದುಕೊಂಡು, ಕಾವಿ ಸರಿಸಿ, ಭಕ್ತಸಮೂಹದ ಎದುರಿಗೇ ತಮ್ಮ ಬತ್ತಿದ ಹೊಟ್ಟೆಗೆ ಚುಚ್ಚಿಕೊಂಡರು.

"ಉಣ್ಣೂ ಮೊದಲ ದಿನಾ ಚುಚ್ಚಿಗೋತೀನಿ. ನನಗೂ ನಂಬಿಗಿ ಇಲ್ಲೇನೋ ಶಂಕ್ರಪ್ಪ?"

ಆಮೇಲೆ ಜನರತ್ತ ತಿರುಗಿದರು. "ಇಕಿ ದಪ್ಪ ಅದಾಳಂತ ನಕ್ರಿ. ನಾ ಕಡ್ಡಿ ಹಂಗ ಅದೀನಿ, ನನಗೂ ಅದ ಬ್ಯಾನಿ ಐತಿ. ಈಗ ನಗ್ರಿ ನೋಡೂಣು."



"ಬ್ಯಾನಿ ಇದು, ಪಾಪ ಅಲ್ಲ. ಮೊದಲ ದವಾಖಾನಿ, ಆಮ್ಯಾಲ ಮಠ" ಎಂದು ಹೇಳಿ ಅವರು ಮಠದ ಗಾಡಿಯನ್ನು ಹೊರಡಿಸಿದರು. ಬೆಲ್ಲವನ್ನು ಮಾತ್ರ ಮಠಕ್ಕೆ ಮುಟ್ಟಿಸಿಕೊಳ್ಳಲಿಲ್ಲ.

ಗಾಡಿಯಲ್ಲಿ ಶಂಕ್ರಪ್ಪ ಹೆಂಡತಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಅರಿವೆ ಬಿಚ್ಚಿ ನೋಡಿದ. ನೋಡಿ ಕಣ್ಣೀರು ಹಾಕಿದ. "ಯಾಕ ಹೇಳಲಿಲ್ಲ ನನಗ?" ಎಂದ.

"ನೀವು ಯಾವಾಗ ಕೇಳಿದ್ರಿ?" ಎಂದಳು ನೀಲಗಂಗವ್ವ. ಹೇಳಿ ಹೊರಗೆ ನೋಡುತ್ತ ಕುಳಿತಳು. ಅಷ್ಟು ವರ್ಷಗಳ ಸಿಟ್ಟು ಆಗ ಅವನತ್ತ ತಿರುಗಿತ್ತು. ಇಷ್ಟು ದಿನ ಆ ಸಿಟ್ಟನ್ನೆಲ್ಲ ಅವಳು ತನ್ನ ಮೈಯ ಮೇಲೆಯೇ ತೀರಿಸಿಕೊಂಡಿದ್ದಳು.

ಒಂದು ಬೆರಳು ಉಳಿಯಲಿಕ್ಕಿಲ್ಲ, ಕಾಲು ಉಳಿಯುತ್ತದೆ ಎಂದರು ದವಾಖಾನೆಯ ಡಾಕ್ಟರು. ಇನ್ನು ಸ್ವಲ್ಪ ತಡವಾಗಿದ್ದರೆ ಅದನ್ನೂ ಹೇಳಲಾಗುತ್ತಿರಲಿಲ್ಲವಂತೆ. ನರ್ಸಮ್ಮ ತೂಕದ ಯಂತ್ರದ ಮೇಲೆ ನಿಲ್ಲಲು ಹೇಳಿದಳು. ನೀಲಗಂಗವ್ವ ತಲೆ ಎತ್ತಿಕೊಂಡೇ ಹತ್ತಿ ನಿಂತಳು. ಶಂಕ್ರಪ್ಪ ರೂಢಿಯಂತೆ ಬಗ್ಗಿ ಮುಳ್ಳು ಎಲ್ಲಿ ನಿಂತಿತೆಂದು ನೋಡಲು ಹೋದ.

"ಸರೀರಿ ಆ ಕಡೆ," ಎಂದಳು ನೀಲಗಂಗವ್ವ. "ನನ್ನ ತೂಕಾ ಇನ್ನ ಮ್ಯಾಲ ನಾನು, ಡಾಕ್ಟರು ನೋಡ್ಕೋತೀವಿ."

ಶಂಕ್ರಪ್ಪ ಹಿಂದೆ ಸರಿದು, ಗೋಡೆಯ ಕಡೆ ಮುಖ ಮಾಡಿ ನಿಂತ.