ದಾಕ್ಷಾಯಿಣಿಯ ಹೂಂ

ಕಪಿಲೆಯ ದಡದ ಆಶ್ರಮದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದವನು ಗುರುಗಳ ಶಿಷ್ಯ ಮರಿದೇವ. ಹನ್ನೆರಡು ವರ್ಷದ ದಾಕ್ಷಾಯಿಣಿಯನ್ನು ತಾಯಿ ಅವನ ಕೈಗೆ ಒಪ್ಪಿಸಿ ಹೋಗಿದ್ದಳು.

“ಆಟಿಸಂ ಅಂದ್ರು ಡಾಕ್ಟರು. ಮಾತು ಕಡಿಮೆ ಸ್ವಾಮಿ. ಹಿಡಿಸದಿದ್ದರೆ ‘ಬೇಡ’ ಅಂತ ಕಿರುಚ್ತಾಳೆ.”

ಮೊದಲ ದಿನವೇ ಕಿರುಚಿದಳು. ಪ್ರಾರ್ಥನೆಯ ಗಂಟೆ ಬೇಡ. ಒರಟು ಚಾಪೆ ಬೇಡ. ಯಾರೂ ಮುಟ್ಟುವುದು ಬೇಡ.

“ಗಂಟೆಯನ್ನು ಆಚೆ ಕಟ್ಟು. ಬೇರೆ ಚಾಪೆ ಕೊಡು” ಎಂದು ಹೇಳಿ ಗುರುಗಳು ಯಾತ್ರೆಗೆ ಹೊರಟರು.

ಒಬ್ಬಳಿಗೋಸ್ಕರ ಗಂಟೆಯನ್ನೇ ಕದಲಿಸುವುದೆ? ಮರಿದೇವನ ಮನಸ್ಸು ಒಪ್ಪಲಿಲ್ಲ.

ಅವನು ಹೊಡೆಯಲಿಲ್ಲ. ಅವಳು ‘ಬೇಡ’ ಎಂದಾಗಲೆಲ್ಲ ಊಟದ ತಟ್ಟೆಯನ್ನು ದೂರ ಸರಿಸಿದ. ‘ಹೂಂ’ ಎಂದರೆ ಹತ್ತಿರ ತಂದ.

ಆರು ತಿಂಗಳಿಗೆ ಗುರುಗಳು ಮರಳಿದರು.

“ದಾಕ್ಷಾಯಿಣಿ ಸರಿಹೋದಳು, ಬುದ್ಧಿ!”

“ಏನಾಗಿತ್ತು ಅವಳಿಗೆ?”

ಮರಿದೇವ ಅಡುಗೆಮನೆಯತ್ತ ಕೂಗಿದ. “ದಾಕ್ಷಾಯಿಣಿ, ಗುರುಗಳಿಗೆ ಹಾಲು ತಾ.”

“ಹೂಂ.”

ಒಲೆಯ ಮೇಲಿದ್ದ ಪಾತ್ರೆಯನ್ನು ಬರಿಗೈಯಲ್ಲೇ ಹಿಡಿದು ಬಂದಳು. ಒಂದು ಹನಿ ಚೆಲ್ಲಲಿಲ್ಲ. ಮುಖ ಕದಲಲಿಲ್ಲ.

“ನೋಡಿದಿರಾ, ಬುದ್ಧಿ?”

ಹಾಲು ಇನ್ನೂ ಕುದಿಯುತ್ತಿತ್ತು. ಗುರುಗಳು ಧಡಕ್ಕನೆ ಎದ್ದು ಹೊದ್ದ ಶಾಲಿನಲ್ಲಿ ಪಾತ್ರೆ ಹಿಡಿದು ಕೆಳಗಿಳಿಸಿದರು.

“ಕೈ ತೋರಿಸವ್ವಾ.”

ತೋರಿಸಿದಳು. ಎರಡೂ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

“ಸುಟ್ಟಿತೇನವ್ವಾ?”

“ಹೂಂ.”

“ಸುಡಲಿಲ್ಲವಾ?”

“ಹೂಂ.”

ಗುರುಗಳು ಮರಿದೇವನ ಕಡೆ ನೋಡಿದರು. ಮತ್ತೆ ಅವಳತ್ತ ತಿರುಗಿದರು. “ಇನ್ನೊಂದು ಪಾತ್ರೆ ತರ್ತೀಯಾ ತಾಯಿ?”

“ಹೂಂ” ಎಂದು ಅವಳು ಅಡುಗೆಮನೆಗೆ ತಿರುಗಿಯೇಬಿಟ್ಟಳು. ಗುರುಗಳು ಮುಟ್ಟದೆ ಬಾಗಿಲಿಗೆ ಅಡ್ಡ ನಿಂತರು. ಅವಳಿಗೆ ಕೂರಲು ಹೇಳಿ, ಕೊಡದಲ್ಲಿ ನೀರು ತಂದು ಮುಂದೆ ಕೂತರು. ಅಂಗೈಗಳ ಮೇಲೆ ಮೆಲ್ಲಗೆ ಸುರಿಯತೊಡಗಿದರು.

ಮರಿದೇವ ಹತ್ತಿರ ಬಂದ.

“ನಾನು ಒಂದೇಟೂ ಹೊಡೆಯಲಿಲ್ಲ, ಬುದ್ಧಿ.”

ಗುರುಗಳು ನೀರು ಸುರಿಯುತ್ತಲೇ ಇದ್ದರು.

“ಅವಳ ಕಾಲಿಗೆ ಬೀಳ್ತೀನಿ. ಕ್ಷಮಿಸು ಅಂತ ಕೇಳ್ತೀನಿ.”

“ಕೇಳಬೇಡ. ಅದಕ್ಕೂ ಹೂಂ ಅಂತಾಳೆ.”