ಬ್ಯಾಡರ್ ಅನ್ನಲಿಲ್ಲ

ಹೂಂ ಅನ್ನುವವರು ಹೂಂ ಅನ್ನಿ, ಅಳುವವರು ಆಮೇಲೆ ಅಳಿ. ಒಂದಾನೊಂದು ಊರಲ್ಲಿ ಗಿರಿಯವ್ವ ಅಂತ ಒಬ್ಬಳು ದೊರೆಸಾನಿ ಇದ್ದಳಂತೆ. ಗಂಡ ದಂಡಿಗೆ ಹೋದವನು ತಿರುಗಿ ಬರಲಿಲ್ಲ. ಉಳಿದಿದ್ದು ಒಂದೇ ಒಂದು ಕೂಸು, ಹಾಲಣ್ಣ. ಆ ಕೂಸಿಗೆ ಜ್ವರ ಬಂತಂತೆ.

ದೊರೆಸಾನಿ ಗುಡ್ಡದ ಅಜ್ಜಿಯ ಹತ್ತಿರ ಓಡಿದಳು. "ಒಂದು ಬೇರೈತೆ ಮಗಳೇ. ಜ್ವರ ಹೆಚ್ಚಾದ ದಿನ ಕೊಟ್ಟರೆ ಅಮೃತ, ಮುಂಚೆ ಕೊಟ್ಟರೆ ವಿಷ, ಆ ದಿನ ದಾಟಿದರೆ ಬರೀ ಕಸ. ಹೆಚ್ಚಾದ ದಿನ ಬಾ" ಅಂದಳಂತೆ ಅಜ್ಜಿ.

ಹೆಚ್ಚೋ ಕಡಿಮೆಯೋ ಹೇಳುವವರು ಯಾರು? ಊರಾಚೆ ಡೇರೆ ಹಾಕಿದ್ದ ಬಿಳಿ ವೈದ್ಯನನ್ನು ಕರೆಸಿದಳು. ಅವನ ಇಂಗ್ಲಿಷನ್ನು ಕನ್ನಡ ಮಾಡುವವನು ದುಬಾಷಿ ಶೇಷೋಪಂತ. ಅವನಿಗೆ ಇಂಗ್ಲಿಷ್ ಅರ್ಧ, ಜಂಬ ಎರಡರಷ್ಟು.

ವೈದ್ಯ ಕೂಸಿನ ಮೈ ಮುಟ್ಟಿ "ಬ್ಯಾಡ್" ಅಂದ.

"ಕೆಟ್ಟದ್ದು ಅಂತಾನೆ ತಾಯಿ. ಆದರೆ ಹೆಚ್ಚಾಗಿಲ್ಲ. ಹೆಚ್ಚಾದರೆ ಅವರ ಪದಕ್ಕೆ ಬಾಲ ಬರತ್ತೆ. ಟಾಲ್ ಅಂದರೆ ಎತ್ತರ, ಅದಕ್ಕಿಂತ ಎತ್ತರ ಟಾಲರ್, ಎಲ್ಲಕ್ಕಿಂತ ಎತ್ತರ ಟಾಲೆಸ್ಟ್. ಬ್ಯಾಡರ್ ಅಂದ ದಿನ ಗುಡ್ಡ ಹತ್ತಿ."

ಮಾರನೆ ದಿನ ವೈದ್ಯ "ವರ್ಸ್" ಅಂದ.

ಪಂತ ಆ ಪದವನ್ನೇ ಕೇಳಿರಲಿಲ್ಲ. ಗೊತ್ತಿಲ್ಲ ಅಂದರೆ ಮಾನ ಹೋಗತ್ತಲ್ಲ! "ಬ್ಯಾಡರ್ ಅನ್ನಲಿಲ್ಲ ತಾಯಿ. ಬ್ಯಾಡ್ ಕೂಡ ಅನ್ನಲಿಲ್ಲ. ಕೆಟ್ಟದ್ದು ಹೋಯಿತು" ಅಂದುಬಿಟ್ಟ.

"ಮೈ ಕೆಂಡ ಆಗೇತಲ್ಲೋ ಪಂತ?"

"ಹೆತ್ತವಳ ಕೈಗೆ ಹಾಗನ್ನಿಸತ್ತೆ. ಭಾಷೆ ಸುಳ್ಳು ಹೇಳತ್ತಾ?"

ದೊರೆಸಾನಿ ಕೂಸಿನ ಹಣೆ ಮೇಲಿಟ್ಟಿದ್ದ ಕೈ ಹಿಂದಕ್ಕೆ ತಗೊಂಡಳು. ಊರಿಗೆಲ್ಲ ಹೋಳಿಗೆ ಹಂಚಿಸಿದಳಂತೆ, ಪಾಪ.

ಮೂರನೇ ದಿನ ವೈದ್ಯ ಟೋಪಿ ತೆಗೆದು "ವರ್ಸ್ಟ್" ಅಂದ.

"ಅದೂ ಬ್ಯಾಡರ್ ಅಲ್ಲ" ಅಂತ ಪಂತ ಬಾಯಿ ತೆರೆಯುವಷ್ಟರಲ್ಲಿ ವೈದ್ಯ ಕೈಯಲ್ಲೇ ತೋರಿಸಿದನಂತೆ. ಮೊಣಕಾಲ ಹತ್ತಿರ ಕೈ ಹಿಡಿದು, ಬ್ಯಾಡ್. ಎದೆಯ ಹತ್ತಿರ, ವರ್ಸ್. ತಲೆಯ ಮೇಲೆ ಎತ್ತಿ, ವರ್ಸ್ಟ್. ಕೆಲವು ಪದಕ್ಕೆ ಬಾಲ ಬರುವುದಿಲ್ಲ, ಮೈಯೇ ಬದಲಾಗುತ್ತದೆ ಅಂತ ಪಂತನಿಗೆ ಆಗ ಗೊತ್ತಾಯಿತು.

ದೊರೆಸಾನಿ ಬರಿಗಾಲಲ್ಲಿ ಗುಡ್ಡಕ್ಕೆ ಓಡಿದಳು. ಅಜ್ಜಿ ಕಣ್ಣೀರು ಒರೆಸಿಕೊಂಡು, "ನಿನ್ನೆ ಬರಬೇಕಿತ್ತಲ್ಲೇ ತಾಯಿ" ಅಂದಳಂತೆ. ತಿರುಗಿ ಬಂದರೆ ಕೂಸಿನ ಮೈ ತಣ್ಣಗಾಗಿತ್ತು.

"ನನ್ನ ತಲೆ ತೆಗೆಸಿ ತಾಯಿ" ಅಂತ ಪಂತ ಕಾಲಿಗೆ ಬಿದ್ದ.

"ನಿನ್ನ ತಲೆ ತಗೊಂಡು ಏನ್ ಮಾಡ್ಲೋ? ನನ್ನ ಅಂಗೈಗಿಂತ ನಿನ್ನ ಮಾತು ದೊಡ್ಡದು ಅಂತ ನಂಬಿದವಳು ನಾನು" ಅಂದಳಂತೆ ಗಿರಿಯವ್ವ. ಆಮೇಲೆ ಅವಳು ಯಾವ ಭಾಷೆಯಲ್ಲೂ ಮಾತಾಡಲಿಲ್ಲವಂತೆ.

ಅವಳ ಮಾತು ಅಲ್ಲಿಗೆ ನಿಂತಿತು, ನನ್ನ ಕಥೆ ಇಲ್ಲಿಗೆ ನಿಂತಿತು. ಹೂಂ ಅಂದ ತಾಯಂದಿರ ಹೊಟ್ಟೆ ತಣ್ಣಗಿರಲಿ.