ಗರಡಿ ಬಿಡಲು ಹೊರಟ ಕುಂಬಾರ

"ನನ್ನ ಗರಡಿಗೆ ಬರುವ ದಾರಿ ರಾಜಬೀದಿಯಷ್ಟು ಅಗಲ, ಮಹಾಪ್ರಭು. ಹೊರಗೆ ಹೋಗುವ ದಾರಿ ಮಾತ್ರ ಇಲ್ಲವೇ ಇಲ್ಲ!"

ಉಸ್ತಾದ್ ಕೆಂಪೀರಯ್ಯ ತುಂಬಿದ ಸಭೆಯಲ್ಲಿ ಹೀಗೆಂದು ಮೀಸೆ ತಿರುವಿದ. ಸಿದ್ದನಕೋಟೆಯ ದೊರೆ ವೀರಭೋಗ ನಾಯಕ ಭೇಷ್ ಎಂದ. ಸುತ್ತೂರಿನ ಪೈಲ್ವಾನರಿಗೆಲ್ಲ ಮಣ್ಣು ಮುಕ್ಕಿಸಿದ ಉಸ್ತಾದನೆಂದರೆ ದೊರೆಗೆ ಪ್ರಾಣ. ಅವನು ಸೀನಿದರೂ ದೊರೆ ಭೇಷ್ ಎನ್ನುತ್ತಿದ್ದ.

ಎದುರಿಗೆ ಕೈಕಟ್ಟಿ ನಿಂತಿದ್ದ ಕುಂಬಾರ ಸಣ್ಣೀರನಿಗೆ ಮಾತ್ರ ಅಳು ಬರುವಂತಾಗಿತ್ತು. ಪಾಪ, ಸಂತೆಯಲ್ಲಿ ಉಸ್ತಾದನ ಕಡೆಯವರು ಡಂಗುರ ಹೊಡೆದಿದ್ದರು: "ಎಂಟು ದಿನ ಬಿಟ್ಟಿ ಸಾಮು! ಹಿಡಿಸದಿದ್ರೆ ಬಿಟ್ಬಿಡಿ!" ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂದು ಸಣ್ಣೀರ ಹೋದ. ಹೋದವನ ಹಣೆಗೆ ಉಸ್ತಾದ್ ಗರಡಿಯ ಕೆಂಪು ಮಣ್ಣು ಬಳಿದು, "ಮುಗೀತು, ಇನ್ನು ಮೂರು ವರ್ಷ ನೀನು ನನ್ನವನು" ಎಂದುಬಿಟ್ಟ. ಅಂದಿನಿಂದ ಕೋಳಿ ಕೂಗುವ ಮೊದಲೇ ದಂಡ, ಬಸ್ಕಿ. ಅದಾದ ಮೇಲೆ ಉಸ್ತಾದನ ಕಾಲೊತ್ತುವ ಕೆಲಸ.

"ಬುದ್ಧೀ, ಗುಂಡು ಎತ್ತಿ ಎತ್ತಿ ಕೈ ನಡುಗ್ತದೆ" ಎಂದ ಸಣ್ಣೀರ. "ತಿಗರಿ ಮ್ಯಾಲೆ ಕೈ ನಿಲ್ಲಾಕಿಲ್ಲ. ಏನ್ ಮಾಡುದ್ರೂ ಸೊಟ್ಟ ಮೂತಿ ಬತ್ತದೆ. ಸೊಟ್ಟ ಮಡಕೆ ಯಾರ್ ಕೊಂಡಾರು? ಹಿಂಗೇ ಆದ್ರೆ ಮನೇಲಿ ಒಲೆ ಹತ್ತಾಕಿಲ್ಲ. ನನ್ನ ಬುಟ್ಬುಡಾಕೆ ಹೇಳಿ."

"ಧಾರಾಳವಾಗಿ ಹೋಗು" ಎಂದ ಉಸ್ತಾದ್. "ಬಿಡುವವನು ಎಲ್ಲರ ಮುಂದೆ ತನ್ನ ಒಡೆಯನನ್ನು ಚಿತ್ ಮಾಡಿ ಹೋಗಬೇಕು. ಅದು ನಿಯಮ. ಬಾ!"

ತೊಡೆ ತಟ್ಟಿದ ಸದ್ದಿಗೇ ಸಣ್ಣೀರ ಕಂಬದ ಹಿಂದೆ ಸೇರಿದ.

ದೊರೆಗೆ ತಮಾಷೆ ಹತ್ತಿತು. ಆಸ್ಥಾನದ ಚತುರ ತಿಪ್ಪಯ್ಯನ ಕಡೆ ತಿರುಗಿದ. "ಗರಡಿಯ ನಿಯಮಕ್ಕೆ ಅರಮನೆ ಕೈಹಾಕುವುದಿಲ್ಲವೆಂದು ನಮ್ಮಜ್ಜ ಮಾತು ಕೊಟ್ಟಿದ್ದಾರೆ. ನಿಯಮವೂ ಮುರಿಯಬಾರದು, ಕುಂಬಾರನೂ ಬಿಡುಗಡೆಯಾಗಬೇಕು. ನಾಳೆಯೊಳಗೆ ಮಾಡು. ಆಗದಿದ್ದರೆ ನೀನೂ ಗರಡಿಗೆ ಸೇರು!"

ತಿಪ್ಪಯ್ಯ ತನ್ನ ತೋಳು ನೋಡಿಕೊಂಡ. ನುಗ್ಗೇಕಾಯಿಯೇ ವಾಸಿ. ಕಂಬದ ಹಿಂದಿನಿಂದ ಇಣುಕುತ್ತಿದ್ದ ಸಣ್ಣೀರನನ್ನು ಕಂಡು ಕರುಳು ಚುರುಕ್ಕೆಂದಿತು.

ಸಂಜೆ ಅವನ ಜೊತೆ ಕುಂಬಾರಗೇರಿಗೆ ಹೋದ. ಸಣ್ಣೀರನ ತಾಯಿ ಹೊಂಬಾಳಮ್ಮ ಹಿತ್ತಲಲ್ಲಿ ನಿಂತು ಉಸ್ತಾದನಿಗೆ ಶಾಪ ಹಾಕುತ್ತಿದ್ದಳು. "ಆವತ್ತು ಜರಡಿ ಹಿಡಿದಿಟ್ಟ ಕೆಮ್ಮಣ್ಣು ಹೊತ್ಕೊಂಡೋದ, ಈಗ ಮಗನ್ನೂ ಹೊತ್ಕೊಂಡೋದ!"

"ಮಣ್ಣು ಹೊತ್ತುಕೊಂಡು ಹೋದನೇ? ನಾಳೆ ಒಂದು ಗಳಿಗೆ ಅರಮನೆಗೆ ಬರುತ್ತೀಯಾ ತಾಯಿ?" ಎಂದ ತಿಪ್ಪಯ್ಯ. ಆ ರಾತ್ರಿ ಅವನು ಹೊಟ್ಟೆತುಂಬ ಉಂಡ.

ಮರುದಿನ ಸಭೆಯಲ್ಲಿ ತಿಪ್ಪಯ್ಯ ಕೈಮುಗಿದು ಕೇಳಿದ: "ಉಸ್ತಾದರೇ, ಹಣೆಗೆ ಮಣ್ಣು ಬಿದ್ದ ಮಾತ್ರಕ್ಕೆ ಆಳು ನಿಮ್ಮವನು ಹೇಗಾದ?"

"ಮಣ್ಣು ಯಾರದೋ ಮೈ ಅವರದು. ಅದೇ ಗರಡಿ ಧರ್ಮ."

"ಎಲ್ಲರಿಗೂ ಒಂದೇ ಧರ್ಮವೇ?"

"ದೊರೆಗಳೇ ಬಂದು ಬಳಿದುಕೊಂಡರೂ ಅಷ್ಟೇ!"

ದೊರೆ ಮೆಲ್ಲಗೆ ಕಾಲು ಒಳಗೆಳೆದುಕೊಂಡ.

"ಅಂಥ ಮಹಿಮೆಯ ಮಣ್ಣನ್ನು ಎಲ್ಲಿ ಕೊಂಡಿರಿ?"

ಉಸ್ತಾದ್ ಗಹಗಹಿಸಿದ. "ಕೊಳ್ಳುವುದೇ? ಕುಂಬಾರಗೇರಿಯ ಹಿತ್ತಲೊಂದರಲ್ಲಿ ರಾಶಿ ಬಿದ್ದಿತ್ತು, ಗಾಡಿಗೆ ತುಂಬಿಸಿದೆ. ಈ ಕೆಂಪೀರಯ್ಯನನ್ನು ಕೇಳುವ ಗಂಡಸು ಯಾವನಿದ್ದಾನೆ?"

"ಗಂಡಸು ಇರ್ನಿಲ್ಲ ಕಣಪ್ಪ, ನಾನಿದ್ದೆ" ಎನ್ನುತ್ತ ಹೊಂಬಾಳಮ್ಮ ಕೋಲೂರಿಕೊಂಡು ಮುಂದೆ ಬಂದಳು. "ಬಾಯಿ ಬಡ್ಕೊಂಡೆ, ನೀನು ತಿರುಗಿ ನೋಡ್ನಿಲ್ಲ. ಆ ಮಣ್ಣು ನಂದು. ಕೊಟ್ಟಿಲ್ಲ, ಮಾರಿಲ್ಲ."

ಸಭೆಯ ಕಣ್ಣೆಲ್ಲ ಉಸ್ತಾದನ ಹಣೆಯ ಮೇಲೆ ನೆಟ್ಟಿತು. ಅಲ್ಲಿ ಹೆಬ್ಬೆರಳಗಲ ಕೆಂಪು ಮಣ್ಣು!

"ಮಣ್ಣು ಯಾರದೋ ಮೈ ಅವರದು" ಎಂದ ತಿಪ್ಪಯ್ಯ. "ತಗೋ ತಾಯಿ, ನಿನ್ನ ಆಳು. ಮೂರು ವರ್ಷ."

ಹೊಂಬಾಳಮ್ಮ ದನದ ಜಾತ್ರೆಯಲ್ಲಿ ಎತ್ತು ನೋಡುವ ಹಾಗೆ ಉಸ್ತಾದನ ಸುತ್ತ ಒಂದು ಸುತ್ತು ಬಂದಳು. "ತೊಡೆ ಗಟ್ಟಿಯಾಗವೆ. ಮಣ್ಣು ತುಳಿಯಾಕೆ ಆಳಿಲ್ಲದೆ ಒದ್ದಾಡ್ತಿದ್ದೆ. ನಾಳೆ ಕೋಳಿ ಕೂಗೋಕ್ ಮುಂಚೆ ಬಾ. ತುಳಿದಾದ್ ಮ್ಯಾಲೆ ನನ್ನ ಕಾಲೊತ್ತು."

ಉಸ್ತಾದ್ ಗಾಬರಿಯಿಂದ ವಲ್ಲಿಯಲ್ಲಿ ಹಣೆ ಒರೆಸಿಕೊಂಡ.

"ಒರೆಸಿದರೆ ಹೋಗುವ ಹಾಗಿದ್ದರೆ ಸಣ್ಣೀರ ಮೊದಲ ದಿನವೇ ಒರೆಸಿಕೊಳ್ಳುತ್ತಿದ್ದನಲ್ಲ ಉಸ್ತಾದರೇ!" ಎಂದ ತಿಪ್ಪಯ್ಯ.

"ಮಹಾಪ್ರಭು, ನೀವಾದರೂ ಬಿಡಿಸಿ!"

"ಏನು ಮಾಡಲಪ್ಪ, ಅಜ್ಜ ಮಾತು ಕೊಟ್ಟುಬಿಟ್ಟಿದ್ದಾರೆ" ಎಂದ ದೊರೆ, ನಗು ನುಂಗುತ್ತ.

"ಹೆದರಬೇಡಿ, ದಾರಿ ಇದೆ" ಎಂದ ತಿಪ್ಪಯ್ಯ. "ಎಲ್ಲರ ಮುಂದೆ ಒಡೆಯನನ್ನು ಚಿತ್ ಮಾಡಿ ಹೋಗಬಹುದು. ನಿಯಮ ನಿಮ್ಮದೇ."

ಹೊಂಬಾಳಮ್ಮ ಕೋಲನ್ನು ಮಗನ ಕೈಗೆ ಕೊಟ್ಟಳು. ಸೆರಗನ್ನು ಸೊಂಟಕ್ಕೆ ಬಿಗಿದಳು. ತೊಡೆ ತಟ್ಟಿ, "ಬಾರಪ್ಪ!" ಎಂದಳು.

ಉಸ್ತಾದ್ ಅವಳ ಬಿಳಿ ತಲೆ ನೋಡಿದ, ಬಾಗಿದ ಬೆನ್ನು ನೋಡಿದ, ಕಿಸಿಕಿಸಿ ನಗುತ್ತಿದ್ದ ಸಭೆಯನ್ನು ನೋಡಿದ. ದಬಕ್ಕನೆ ಕಾಲಿಗೆ ಬಿದ್ದ. "ಸೋತೆ ತಾಯಿ! ನಿನ್ನ ಮಗನೂ ಬೇಡ, ಮಣ್ಣೂ ಬೇಡ. ಬಿಡುತ್ತೇನೆಂದವರನ್ನೆಲ್ಲ ಇವತ್ತೇ ಬಿಡುತ್ತೇನೆ, ನನ್ನನ್ನು ಬಿಡು!"

ಅಂದೇ ಅವನು ಮಣ್ಣನ್ನು ಗಾಡಿಗೆ ತುಂಬಿಸಿ ಹೊಂಬಾಳಮ್ಮನ ಹಿತ್ತಲಿಗೆ ಸುರಿದು ಬಂದ. ಸಣ್ಣೀರ ಮನೆಗೆ ನಡೆಯಲಿಲ್ಲ, ಓಡಿದ.

ದೊರೆ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು ತಿಪ್ಪಯ್ಯನಿಗೆ ಶಾಲು ಹೊದಿಸಿದ. "ಅಲ್ಲವೋ, ಉಸ್ತಾದ್ ಮಾನ ಬಿಟ್ಟು ಕುಸ್ತಿಗೆ ಇಳಿದುಬಿಟ್ಟಿದ್ದರೆ ಏನು ಮಾಡುತ್ತಿದ್ದೆ?"

"ನಾನೇನು ಮಾಡಲಿ ಪ್ರಭು, ಪೇಚಿಗೆ ಸಿಗುತ್ತಿದ್ದವರು ತಾವು" ಎಂದ ತಿಪ್ಪಯ್ಯ. "'ಮುದುಕಿಯನ್ನು ಕೆಡವಿದ ಮಹಾವೀರ' ಎಂದು ತುಂಬಿದ ಸಭೆಯಲ್ಲಿ ಬಿರುದು ಕೊಡಬೇಕಾಗುತ್ತಿತ್ತಲ್ಲ!"